‘ಬ್ರೇಕ್ ಫೇಲ್’ ಅಂತ ಬರೆದು ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ಘಾಟಿಯಲ್ಲಿ ಕಾರು ಕಂದಕಕ್ಕೆ ಬಿದ್ದಾಗ, ಇಳಿಜಾರಿನಲ್ಲಿ ವ್ಯಾನು ಮರಕ್ಕೆ ಗುದ್ದಿದಾಗ ಪತ್ರಿಕೆಗಳಲ್ಲಿ ಒಂದು ಸಾಲು ಬರುತ್ತದೆ: ‘ಬ್ರೇಕ್ ಫೇಲ್ ಆದದ್ದೇ ಅವಘಡಕ್ಕೆ ಕಾರಣ’. ಅಲ್ಲಿಗೆ ಸುದ್ದಿ ಮುಗಿಯಿತು. ಓದಿದವರಿಗೆ ಅದು ಸಿಡಿಲು ಬಡಿದ ಹಾಗೆ, ಯಾರ ಕೈಯಲ್ಲೂ ಇಲ್ಲದ ಸಂಗತಿ ಅನ್ನಿಸುತ್ತದೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ಸಲ ಮಳೆ ಸ್ವಲ್ಪ ಬಿಟ್ಟ ಮೇಲೆ ನಮ್ಮ ಅಂಗಳದಲ್ಲಿ ನಮ್ಮದೇ ಕಾರಿನ ಚಕ್ರ ಬಿಚ್ಚಿ ನೋಡಿದೆ. ಅವತ್ತಿನಿಂದ ಆ ಸಾಲು ಓದಿದರೆ ಸಂಕಟ ಆಗುತ್ತದೆ. ಬ್ರೇಕು ಕೈಕೊಡುವ ಮೊದಲು ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಸೂಚನೆ ಕೊಡುತ್ತಲೇ ಇರುತ್ತದೆ. ಅದನ್ನು ಗುರುತಿಸುವುದು ಹೇಗೆ ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗಿದೆ, ಆದರೂ ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ.

ನಮ್ಮದು 2006ರ ಮಾರುತಿ 800. ಅಪ್ಪ ಕೊಂಡದ್ದು, ಈಗ ನಾನು ಓಡಿಸುತ್ತೇನೆ. ಈ ಕಾರು 1983ರಲ್ಲಿ ರಸ್ತೆಗೆ ಬಂತು, 2014ರಲ್ಲಿ ತಯಾರಿಕೆ ನಿಂತಿತು. ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಇನ್ನೂ ಬೇಕಾದಷ್ಟಿವೆ. ಹಗುರ ಗಾಡಿ, ರಿಪೇರಿ ಸುಲಭ, ಸಾಮಾನು ಎಲ್ಲ ಕಡೆ ಸಿಗುತ್ತದೆ. ತಿಂಗಳಿಗೊಮ್ಮೆ ಅಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿಯಿಂದ ಆಗುಂಬೆ, ಅಲ್ಲಿಂದ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ, ಹೆಬ್ರಿ, ಆಮೇಲೆ ಮಣಿಪಾಲ. ಈ ದಾರಿಯಲ್ಲಿ ಹೋಗುವವರಿಗೆ ಬ್ರೇಕಿನ ಬೆಲೆ ಗೊತ್ತು, ಹಿಂದಿನ ಸೀಟಿನಲ್ಲಿ ವಯಸ್ಸಾದ ಅಮ್ಮ ಕೂತಿದ್ದರೆ ಇನ್ನೂ ಜಾಸ್ತಿ ಗೊತ್ತು.

ಜೂನ್ ತಿಂಗಳಲ್ಲಿ ಬೆಳಿಗ್ಗೆ ಕಾರು ತೆಗೆದಾಗ ಮುಂದಿನಿಂದ ಕರಕರ ಸದ್ದು ಬರುತ್ತಿತ್ತು. ಮಳೆಯಲ್ಲಿ ಇದು ಮಾಮೂಲು. ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆಗೆ ಡಿಸ್ಕ್ ಅನ್ನುತ್ತಾರೆ, ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿದು ನಿಲ್ಲಿಸುವ ಪಟ್ಟಿಗಳೇ ಪ್ಯಾಡು. ರಾತ್ರಿಯಿಡೀ ನೆನೆದ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಬರುತ್ತದೆ, ನಾಲ್ಕೈದು ಸಲ ಬ್ರೇಕ್ ಹಾಕಿದರೆ ಪ್ಯಾಡು ಅದನ್ನು ಒರೆಸಿ ಹಾಕುತ್ತದೆ, ಸದ್ದು ನಿಲ್ಲುತ್ತದೆ. ಆದರೆ ಜುಲೈ ಕೊನೆಗೆ ಸದ್ದು ನಿಲ್ಲಲಿಲ್ಲ. ಜೊತೆಗೆ ಬಾನೆಟ್ ತೆಗೆದು ನೋಡಿದಾಗ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗೆ ಹತ್ತಿರ ಬಂದಿತ್ತು. ಒಂದು ಗ್ಯಾರೇಜಿಗೆ ಹೋದೆ. ಹುಡುಗ ಚಕ್ರದ ತೂತಿನಿಂದ ಟಾರ್ಚ್ ಬಿಟ್ಟು ನೋಡಿ, ‘ಪ್ಯಾಡ್ ಇನ್ನೂ ಇದೆ ಸಾರ್, ಆಯಿಲ್ ಕಮ್ಮಿ ಆಗಿದೆ ಅಷ್ಟೆ’ ಅಂದ. ಆಯಿಲ್ ತುಂಬಿಸಿ ಕಳಿಸಿದ. ಆ ಹುಡುಗನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವತ್ತು ಅಲ್ಲಿ ಆರು ಗಾಡಿ ಸಾಲಾಗಿ ನಿಂತಿದ್ದವು, ಎಲ್ಲರಿಗೂ ಅವಸರ, ನನಗೂ ಅವಸರ. ಚಕ್ರ ಬಿಚ್ಚಿ ನೋಡಪ್ಪಾ ಅಂತ ನಾನೇ ಹೇಳಬೇಕಿತ್ತು. ಹೇಳಬೇಕು ಅಂತ ಆಗ ಗೊತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಲೇಬೇಕು. ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಉರಿದು ಕಮ್ಮಿ ಆಗುವುದಿಲ್ಲ. ಎಲ್ಲಾದರೂ ಸೋರುತ್ತಿರಬೇಕು, ಇಲ್ಲವೇ ಪ್ಯಾಡು ಸವೆದಿರಬೇಕು. ಪ್ಯಾಡುಗಳನ್ನು ಹಿಡಿದಿರುವ ಭಾಗಕ್ಕೆ ಕ್ಯಾಲಿಪರ್, ಅದರೊಳಗೆ ಆಯಿಲಿನ ಒತ್ತಡಕ್ಕೆ ಪ್ಯಾಡನ್ನು ತಳ್ಳುವುದಕ್ಕೆ ಪಿಸ್ಟನ್ ಅನ್ನುತ್ತಾರೆ. ಪ್ಯಾಡು ತೆಳ್ಳಗಾದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಅದರ ಹಿಂದಿನ ಖಾಲಿ ಜಾಗಕ್ಕೆ ಆಯಿಲ್ ಇಳಿಯುತ್ತದೆ, ಮೇಲೆ ಡಬ್ಬಿಯಲ್ಲಿ ಮಟ್ಟ ತಗ್ಗುತ್ತದೆ. ಅಂದರೆ ಆ ಡಬ್ಬಿಯೇ ಪ್ಯಾಡಿನ ಲೆಕ್ಕ ಹೇಳುತ್ತಿರುತ್ತದೆ. ಕಾರಣ ನೋಡದೆ ಮೇಲೆ ತುಂಬಿಸಿಬಿಟ್ಟರೆ ಆ ಲೆಕ್ಕ ಅಳಿಸಿದ ಹಾಗೆ. ನಮ್ಮಲ್ಲಿ ಆದದ್ದೂ ಅದೇ.

ಆಗಸ್ಟಿನಲ್ಲಿ ಮಣಿಪಾಲಕ್ಕೆ ಹೊರಟೆವು. ಘಾಟಿ ಇಳಿಯುವಾಗ ಬ್ರೇಕ್ ಹಿಡಿದರೆ ಕಾರು ಒಂದು ಕಡೆಗೆ ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತಿತ್ತು. ಸೋಮೇಶ್ವರ ಮುಟ್ಟುವಾಗ ಸುಟ್ಟ ವಾಸನೆ. ನಿಲ್ಲಿಸಿ ಇಳಿದೆ. ಬಲಗಡೆಯ ಚಕ್ರದ ಹತ್ತಿರ ಕೈ ಒಡ್ಡಿದರೆ ಬೆಚ್ಚಗಿತ್ತು, ಎಡಗಡೆಯದರ ಹತ್ತಿರ ಕೈ ಒಡ್ಡಲಿಕ್ಕೇ ಆಗಲಿಲ್ಲ, ಅಷ್ಟು ಕಾವು. ಮುಟ್ಟಲು ಮಾತ್ರ ಹೋಗಬೇಡಿ, ಚರ್ಮ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಆರಲು ಬಿಟ್ಟು, ನಿಧಾನವಾಗಿ ಹೋಗಿ ಬಂದೆವು. ಮುಂದಿನ ಭಾನುವಾರ ಚಕ್ರ ಬಿಚ್ಚಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ನಮ್ಮ ಪಕ್ಕದ ಮನೆಯವರು 30 ವರ್ಷ ಬಸ್ ಓಡಿಸಿ ನಿವೃತ್ತರಾದವರು. ಕರೆದ ಕೂಡಲೇ ಬಂದರು, ಕುರ್ಚಿ ಹಾಕಿಕೊಂಡು ಕೂತರು, ನನ್ನ ಕೈಯಲ್ಲೇ ಎಲ್ಲ ಮಾಡಿಸಿದರು. ಮೊದಲ ಮಾತೇ ‘ಜ್ಯಾಕನ್ನು ನಂಬಬೇಡ’. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಕೊಟ್ಟೆವು. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು, ಹಾಗಾಗಿ ಮುಂದಿನದನ್ನು ಎತ್ತುವಾಗ ಅದು ಉಪಯೋಗಕ್ಕೆ ಬರುತ್ತದೆ. ಹಿಂದಿನದನ್ನು ಎತ್ತುವಾಗ ಅದನ್ನೇ ನೆಚ್ಚಿಕೊಳ್ಳುವ ಹಾಗಿಲ್ಲ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ, ಆಮೇಲೆ ಜ್ಯಾಕ್ ಏರಿಸಬೇಕು. ಏರಿಸಿದ ಮೇಲೆ ಸ್ಟ್ಯಾಂಡ್ ಕೊಡಬೇಕು. ಬಿಚ್ಚಿದ ಚಕ್ರವನ್ನೂ ಕಾರಿನ ಅಡಿಗೆ ಮಲಗಿಸಿ ಇಟ್ಟರೆ ಇನ್ನೊಂದು ಭದ್ರತೆ. ನಮ್ಮ ಕಡೆ ಕೈಗೆ ಸಿಗುವ ಜಂಬಿಟ್ಟಿಗೆ ಕಲ್ಲು, ಇಟ್ಟಿಗೆ ಆಸರೆಗೆ ಇಡುವವರಿದ್ದಾರೆ. ಬೇಡವೇ ಬೇಡ. ಭಾರಕ್ಕೆ ಅದು ಯಾವ ಕ್ಷಣದಲ್ಲಾದರೂ ಪುಡಿಯಾಗುತ್ತದೆ.

ಎಡಗಡೆಯ ಮುಂದಿನ ಚಕ್ರ ತೆಗೆದಾಗ ಒಳಗೆ ಕಪ್ಪು ಪುಡಿ ಕೂತಿತ್ತು. ಬಾಯಿಂದ ಊದಲು ಬಗ್ಗಿದೆ, ಅವರು ಭುಜ ಹಿಡಿದು ಎಳೆದರು. ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ವರ್ಷಗಳ ನಂತರ ಕಾಯಿಲೆ ತರುತ್ತದೆ. ಹಳೆ ಗಾಡಿಗೆ ಯಾವ ಕಾಲದಲ್ಲಿ ಯಾವ ಸಾಮಾನು ಹಾಕಿದ್ದಾರೋ ಗೊತ್ತಿರುವುದಿಲ್ಲ ಅಲ್ವಾ? ಮಾಸ್ಕ್ ಹಾಕಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಬೇಕು. ಗ್ಯಾರೇಜುಗಳಲ್ಲಿ ಹುಡುಗರು ಗಾಳಿ ಪೈಪು ಹಿಡಿದು ಇದೇ ಪುಡಿಯನ್ನು ಮುಖದ ಮುಂದೆಯೇ ಹಾರಿಸುವುದನ್ನು ನೋಡುತ್ತೇನೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಅವರಿಗೂ ಯಾರಾದರೂ ಹೇಳಬೇಕು.

ಕ್ಯಾಲಿಪರಿನ ಬೋಲ್ಟ್ ಬಿಚ್ಚಿ ಎತ್ತಿದೆವು. ಅದನ್ನು ರಬ್ಬರ್ ಹೋಸಿನಲ್ಲಿ ಜೋತು ಬೀಳಲು ಬಿಡಬಾರದು, ತಂತಿಯಲ್ಲಿ ಮೇಲಕ್ಕೆ ಕಟ್ಟಬೇಕು. ಎರಡೂ ಪ್ಯಾಡು ಹೊರಗೆ ತೆಗೆದೆ. ಮಗಳು ಕಂಪಾಸ್ ಬಾಕ್ಸಿನಿಂದ ಸ್ಕೇಲ್ ತಂದು ಅಳೆದಳು. ಹೊರಗಿನ ಪ್ಯಾಡಿನಲ್ಲಿ ಕಬ್ಬಿಣದ ತಟ್ಟೆಯ ಮೇಲೆ 5 ಮಿಲಿಮೀಟರ್ ಉಜ್ಜುವ ಪದರ ಉಳಿದಿತ್ತು. ಒಳಗಿನದರಲ್ಲಿ ಒಂದು ತುದಿಯಲ್ಲಿ 1 ಮಿಲಿಮೀಟರ್ ಕೂಡ ಇರಲಿಲ್ಲ, ಇನ್ನೊಂದು ತುದಿಯಲ್ಲಿ ಬರೀ ಕಬ್ಬಿಣದ ತಟ್ಟೆ ಹೊಳೆಯುತ್ತಿತ್ತು. ಆ ಕಬ್ಬಿಣ ಡಿಸ್ಕನ್ನು ಉಜ್ಜಿ ಗೆರೆ ಎಬ್ಬಿಸಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಯಾರೂ ಮಾತಾಡಲಿಲ್ಲ. ಅಮ್ಮ ಜಗಲಿಯಿಂದ ‘ಏನಾಯ್ತೋ?’ ಅಂತ ಕೇಳಿದರು. ನನಗೆ ಉತ್ತರ ಹೊರಡಲಿಲ್ಲ. ಆ ಕಬ್ಬಿಣದ ತಟ್ಟೆಯ ಮೇಲೆ ಭಾರ ಹಾಕಿ ಅವರನ್ನು ಘಾಟಿ ಇಳಿಸಿ ತಂದಿದ್ದೆ.

ಗ್ಯಾರೇಜಿನ ಹುಡುಗ ಸುಳ್ಳು ಹೇಳಿರಲಿಲ್ಲ. ಚಕ್ರದ ತೂತಿನಿಂದ ಕಾಣುವುದು ಹೊರಗಿನ ಪ್ಯಾಡು ಮಾತ್ರ. ಒಳಗಿನದು ಡಿಸ್ಕಿನ ಹಿಂದೆ ಅಡಗಿರುತ್ತದೆ. ಸರಿಯಾಗಿ ಇರುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಆಚೀಚೆ ಜಾರುತ್ತದೆ, ಹಾಗಾಗಿ ಎರಡೂ ಪ್ಯಾಡು ಹೆಚ್ಚುಕಮ್ಮಿ ಸಮನಾಗಿ ಸವೆಯುತ್ತವೆ. ನಮ್ಮ ಕಾರಿನಲ್ಲಿ ಒಂದು ಪಿನ್ನಿನ ರಬ್ಬರ್ ಟೋಪಿ ಹರಿದು, ಮಳೆನೀರು ಕೆಸರು ಹೋಗಿ, ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಜಾರಬೇಕಾದದ್ದು ಜಾರದೆ ಒಳಗಿನ ಪ್ಯಾಡೇ ಸದಾ ಉಜ್ಜುತ್ತಿತ್ತು. ಒಂದು ಕಡೆ ಎಳೆತ, ಸುಟ್ಟ ವಾಸನೆ, ಚಕ್ರದ ಕಾವು ಎಲ್ಲಕ್ಕೂ ಮೂಲ ಬೆರಳುದ್ದದ ಆ ಪಿನ್ನು. ವರ್ಷಕ್ಕೆ ನಾಲ್ಕೈದು ತಿಂಗಳು ಮಳೆ ಹೊಡೆಯುವ ನಮ್ಮ ಕಡೆ ಇದು ಅಪರೂಪ ಅಲ್ಲ. ಹಾಗಾಗಿ ಹಳೆ ಕಾರು ಇಟ್ಟುಕೊಂಡವರು ಪ್ಯಾಡ್ ನೋಡುವಾಗ ಒಳಗಿನದನ್ನೂ ನೋಡಲೇಬೇಕು. 3 ಮಿಲಿಮೀಟರಿಗೆ ಬಂತು ಅಂದರೆ ಹೊಸದು ತರಿಸಿ ಇಟ್ಟುಕೊಳ್ಳಿ, 2ಕ್ಕೆ ಬಂದ ಮೇಲೆ ಒಂದು ದಿನವೂ ತಡಮಾಡಬೇಡಿ.

ಹೊಸ ಪ್ಯಾಡಿಗೆ ಸಾವಿರ ರೂಪಾಯಿಯೂ ಆಗಲಿಲ್ಲ. ಬಿಲ್ ಕೊಡುವ ಅಂಗಡಿಯಲ್ಲೇ ತಂದೆ. ಯಾವುದೋ ಹೆಸರಿಲ್ಲದ ಡಬ್ಬಿಯಲ್ಲಿ ಇನ್ನೂ ಅಗ್ಗಕ್ಕೆ ಸಿಗುತ್ತದೆ, ಬ್ರೇಕಿನ ವಿಷಯದಲ್ಲಿ ಆ ಉಳಿತಾಯ ಬೇಡ. ಎಡಗಡೆ ಮಾತ್ರ ಸವೆದಿದ್ದರೂ ಎರಡೂ ಮುಂದಿನ ಚಕ್ರಕ್ಕೆ ಹೊಸದೇ ಹಾಕಬೇಕು, ಇಲ್ಲದಿದ್ದರೆ ಒಂದು ಕಡೆ ಜಾಸ್ತಿ ಹಿಡಿದು ಕಾರು ತಿರುಗುತ್ತದೆ. ಡಿಸ್ಕಿನ ಗೆರೆ ಎಷ್ಟು ಆಳ ಅಂತ ನಮಗೆ ತಿಳಿಯಲಿಲ್ಲ. ಅದನ್ನು ಪರಿಚಯದ ಮೆಕ್ಯಾನಿಕ್ ಒಬ್ಬರು ಬಂದು ಗೇಜಿನಲ್ಲಿ ಅಳೆದು, ಇನ್ನೂ ಮಿತಿಯೊಳಗೆ ಇದೆ ಅಂತ ಖಾತ್ರಿ ಮಾಡಿದರು. ಡಿಸ್ಕಿಗೂ ಕನಿಷ್ಠ ದಪ್ಪ ಅಂತ ಒಂದು ಲೆಕ್ಕ ಇದೆ, ಬಹಳಷ್ಟು ಡಿಸ್ಕುಗಳ ಮೇಲೆಯೇ ಅದನ್ನು ಕೆತ್ತಿರುತ್ತಾರೆ.

ಪಿನ್ನನ್ನು ಉಜ್ಜಿ ತೊಳೆದು, ಹೊಸ ರಬ್ಬರ್ ಹಾಕಿ, ಬ್ರೇಕಿಗೆ ಅಂತಲೇ ಬರುವ ಸಿಲಿಕಾನ್ ಗ್ರೀಸ್ ಸವರಿದೆವು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ಆ ರಬ್ಬರ್ ಊದಿಕೊಂಡು ಮತ್ತೆ ಕಚ್ಚುತ್ತದೆ. ಹೊಸ ಪ್ಯಾಡು ದಪ್ಪ, ಹಾಗಾಗಿ ಪಿಸ್ಟನ್ನನ್ನು ಒಳಗೆ ತಳ್ಳಬೇಕು. ಹಳೆ ಪ್ಯಾಡನ್ನು ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ನಿಧಾನಕ್ಕೆ ತಿರುಗಿಸಿದರೆ ಹೋಗುತ್ತದೆ. ಆಗ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ಗ್ಯಾರೇಜಿನಲ್ಲಿ ತುಂಬಿಸಿದ್ದರಲ್ಲ, ನಮ್ಮದು ಉಕ್ಕುವುದರಲ್ಲಿತ್ತು, ಮಗಳು ನೋಡಿ ಕೂಗಿದ್ದರಿಂದ ಸಿರಿಂಜಿನಲ್ಲಿ ಸ್ವಲ್ಪ ತೆಗೆದೆವು. ಅದು ಪೇಂಟಿನ ಮೇಲೆ ಬಿದ್ದರೆ ಬಣ್ಣ ಕಿತ್ತು ಬರುತ್ತದೆ. ಬಿದ್ದ ಕೂಡಲೇ ನೀರು ಹಾಕಿ ತೊಳೆಯಿರಿ. ಡಿಸ್ಕಿಗೂ ಪ್ಯಾಡಿಗೂ ಗ್ರೀಸಿನ ಕೈ ತಾಗಬಾರದು ಅಂತ ಬೇರೆ ಹೇಳಬೇಕಿಲ್ಲ.

ಸಿರಿಂಜಿನಲ್ಲಿ ತೆಗೆದ ಆಯಿಲ್ ನೋಡಿ ಪಕ್ಕದ ಮನೆಯವರ ಮುಖ ಗಂಭೀರ ಆಯಿತು. ಹೊಸದು ಜೇನಿನ ತಿಳಿ ಬಣ್ಣ ಇರುತ್ತದೆ, ಇದು ಹಾಲಿಲ್ಲದ ಕಾಫಿ ಡಿಕಾಕ್ಷನ್ ಹಾಗಿತ್ತು. ಎಲ್ಲರೂ ಬ್ರೇಕ್ ಆಯಿಲ್ ಅನ್ನುತ್ತೇವೆ, ಆದರೆ ಅದು ಎಣ್ಣೆಯ ಜಾತಿಯೇ ಅಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 3 ಅನ್ನುವ ದರ್ಜೆಯ ದ್ರವ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು, ತೇವ ಹೀರಿದ ಮೇಲೆ ಅದು 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ರಲ್ಲಿ ಅದು 230 ಮತ್ತು 155. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಆ ಕಾವು ಆಯಿಲಿಗೂ ಹೋಗುತ್ತದೆ. ಅದು ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಗಾಡಿ ಬಿದ್ದ ಮೇಲೆ, ಎಲ್ಲ ತಣ್ಣಗಾದ ಮೇಲೆ ಯಾರಾದರೂ ಪೆಡಲ್ ಒತ್ತಿ ನೋಡಿದರೆ ಗಟ್ಟಿಯಾಗಿಯೇ ಇರಬಹುದು. ನಿಮ್ಮ ಸುದ್ದಿಯಲ್ಲಿ ಮಾತ್ರ ‘ಬ್ರೇಕ್ ಫೇಲ್’ ಅಂತ ಬಂದಿರುತ್ತದೆ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಿದ್ದರೆ ಅದು ಆಗುತ್ತಿರಲಿಲ್ಲವೇನೋ ಅನ್ನುವ ಪ್ರಶ್ನೆ ಯಾರೂ ಕೇಳುವುದಿಲ್ಲ.

ಬರೀ ಪ್ಯಾಡ್ ಬದಲಿಸಿದರೆ ಏರ್, ಅಂದರೆ ಪೈಪಿನೊಳಗೆ ಸೇರಿದ ಗಾಳಿ, ತೆಗೆಯುವ ಕೆಲಸ ಬೀಳುವುದಿಲ್ಲ. ಆಯಿಲ್ ಪೂರ್ತಿ ಬದಲಿಸಿದ್ದರಿಂದ ನಾವು ತೆಗೆದೆವು. ಆ ಮೆಕ್ಯಾನಿಕ್ಕೂ ಅಲ್ಲೇ ಇದ್ದರು. ಮಗಳು ಡ್ರೈವರ್ ಸೀಟಿನಲ್ಲಿ ಕೂತಳು, ನಾನು ಚಕ್ರದ ಹತ್ತಿರ. ಆಯಿಲ್ ಹೊರಬಿಡುವ ನಿಪ್ಪಲಿಗೆ ತೆಳು ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ ಇಟ್ಟೆವು. ‘ಒತ್ತು’ ಅಂದರೆ ಒತ್ತಿ, ‘ಹಿಡ್ಕೊಂಡಿದೀನಿ ಅಪ್ಪಾ’ ಅನ್ನುವಳು. ನಾನು ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಿ ‘ಬಿಡು’ ಅಂದ ಮೇಲೆಯೇ ಕಾಲು ಎತ್ತಬೇಕು. ಒಂದೇ ಒಂದು ಸಲ ಮುಂಚೆ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಮೊದಲು ಕಪ್ಪು ದ್ರವ, ನಡುನಡುವೆ ಗುಳ್ಳೆ, ಆಮೇಲೆ ತಿಳಿ ಬಣ್ಣ. ಮೇಲಿನ ಡಬ್ಬಿ ಖಾಲಿ ಆಗದ ಹಾಗೆ ಪಕ್ಕದ ಮನೆಯವರು ನೋಡಿಕೊಂಡು ಹೊಸದನ್ನು ಹಾಕುತ್ತಿದ್ದರು. ಒಂದೊಂದು ಚಕ್ರಕ್ಕೂ ಹೀಗೆ ಮಾಡಿ ಮುಗಿಸುವಾಗ ಮಧ್ಯಾಹ್ನ ದಾಟಿತ್ತು. ಒಮ್ಮೆ ಮುಚ್ಚಳ ತೆಗೆದ ಬಾಟಲಿಯಲ್ಲಿ ಉಳಿದದ್ದನ್ನು ಮುಂದಿನ ವರ್ಷಕ್ಕೆ ಅಂತ ಇಡಬೇಡಿ, ಅದೂ ತೇವ ಹೀರಿರುತ್ತದೆ.

ಎಲ್ಲ ಜೋಡಿಸಿ, ಚಕ್ರ ಹಾಕಿ, ಇಳಿಸಿದ ಮೇಲೆ ಒಂದು ಕೆಲಸ ಮರೆಯಲೇಬಾರದು. ಕಾರು ಕದಲಿಸುವ ಮೊದಲು ಪೆಡಲನ್ನು ಹಲವು ಸಲ ಒತ್ತಬೇಕು. ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೇವಲ್ಲ, ಮೊದಲ ಒತ್ತಿಗೆ ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ. ಅದು ಗಟ್ಟಿಯಾಗುವ ತನಕ ಒತ್ತಿ, ಅಂಗಳದಲ್ಲೇ ಮೊದಲ ಗೇರಿನಲ್ಲಿ ಎರಡು ಸಲ ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗೆ ಹೋಗಬೇಕು. ನಾವು ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಮೆಲ್ಲಗೆ ನಿಲ್ಲಿಸುತ್ತ, ನಡುವೆ ಆರಲು ಬಿಡುತ್ತ ಒಂದಷ್ಟು ಸಲ ಓಡಾಡಿದೆವು. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಸ್ವಲ್ಪ ದಿನ ಬೇಕು, ಹಾಕಿದ ಮರುದಿನವೇ ಘಾಟಿ ಇಳಿಯುವುದು ಸರಿಯಲ್ಲ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಮುಂದಿನ ಪ್ಯಾಡ್ ನೋಡುವುದು, ಕೈ ಹಿಡಿತ ಇರುವವರು ಬದಲಿಸುವುದು, ಅಷ್ಟು ಸಾಕು. ಅದೂ ಮೊದಲ ಸಲ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು. ಹಿಂದಿನ ಚಕ್ರದ ಬ್ರೇಕ್ ಇರುವ ಡ್ರಮ್ಮನ್ನು ನಾನು ಮುಟ್ಟಲಿಲ್ಲ. ಅದರೊಳಗಿನ ಸ್ಪ್ರಿಂಗು, ಲೈನರು, ವೀಲ್ ಸಿಲಿಂಡರ್ ಎಲ್ಲ ಅನುಭವ ಬೇಡುವ ಕೆಲಸ, ಮೆಕ್ಯಾನಿಕ್ ಬಳಿ ಮಾಡಿಸಿದೆ. ಪೆಡಲ್ ಒತ್ತಿ ಹಿಡಿದರೆ ನಿಧಾನಕ್ಕೆ ಕೆಳಗೆ ಇಳಿಯುತ್ತಿದ್ದರೆ, ಚಕ್ರದ ಒಳಬದಿಯಲ್ಲಿ ಒದ್ದೆ ಕಂಡರೆ, ಪೈಪು ತುಕ್ಕು ಹಿಡಿದಿದ್ದರೆ ಕಾರು ತೆಗೆಯಲೇಬೇಡಿ, ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ.

ಪಕ್ಕದ ಮನೆಯವರು ಇನ್ನೊಂದು ಮಾತು ಬರೆಯಲು ಹೇಳಿದ್ದಾರೆ. ‘ಯಾವ ಗೇರಲ್ಲಿ ಘಾಟಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ.’ ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಸುವವರು ಇನ್ನೂ ಇದ್ದಾರೆ, ಕೆಲವರು ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಕಾರಿನಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಳಿಜಾರಿನಲ್ಲಿ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಕುಡಿಯುತ್ತಲೇ ಇರುತ್ತದೆ. ಉಳಿತಾಯದ ಮಾತೇ ತಪ್ಪು. ಎಂಜಿನ್ ಆಫ್ ಮಾಡಿದರಂತೂ ಕಾಲಿನ ಒತ್ತಿಗೆ ಬಲ ಸೇರಿಸುವ ಬೂಸ್ಟರ್ ಇರುವ ಕಾರಿನಲ್ಲಿ ಎರಡು ಮೂರು ಸಲ ಒತ್ತುವಷ್ಟರಲ್ಲಿ ಅದರ ಬಲ ಮುಗಿದು ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅದನ್ನೂ ಜನ ಬ್ರೇಕ್ ಫೇಲ್ ಅಂತಲೇ ಹೇಳುತ್ತಾರೆ.

ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ತೋರಿಸಿ ನವೀಕರಿಸಬೇಕು. ನಾವು 2021ರಲ್ಲಿ ಮಾಡಿಸಿದೆವು. ಆ 5 ವರ್ಷಗಳ ನಡುವೆ ಬ್ರೇಕ್ ಹೇಗಿದೆ ಅಂತ ಕೇಳುವವರು ಯಾರೂ ಇಲ್ಲ. ನಮ್ಮ ಕಾರಿನ ಪ್ಯಾಡು ಒಂದೇ ಮಳೆಗಾಲದಲ್ಲಿ ಕಬ್ಬಿಣಕ್ಕೆ ಬಂತು. ಹಾಗಾಗಿ ನಡುವಿನ ಕಾಲದ ತಪಾಸಣೆ ನಮ್ಮದೇ, ಓಡಿಸುವವರದೇ.

ನಿಮ್ಮಲ್ಲಿ ಎರಡು ಕೋರಿಕೆ. ಅಪಘಾತದ ಸುದ್ದಿಯಲ್ಲಿ ‘ಬ್ರೇಕ್ ಫೇಲ್’ ಅಂತ ಬರೆಯುವಾಗ ನಿಮ್ಮ ವರದಿಗಾರರು ಇನ್ನೊಂದು ಪ್ರಶ್ನೆ ಕೇಳಲಿ: ಏನು ಫೇಲ್ ಆಯಿತು? ಪ್ಯಾಡೋ, ಪೈಪೋ, ಕುದಿದ ಆಯಿಲ್ಲೋ, ಎಂಜಿನ್ ಆಫ್ ಮಾಡಿದ್ದೋ? ತಿಳಿದರೆ ಒಂದು ಸಾಲು ಸೇರಿಸಲಿ, ತಿಳಿಯದಿದ್ದರೆ ತಿಳಿದುಬಂದಿಲ್ಲ ಅಂತ ಬರೆಯಲಿ. ಎರಡನೆಯದು, ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು, ನಮ್ಮ ಭಾಗದ ಒಬ್ಬ ಅನುಭವಿ ಮೆಕ್ಯಾನಿಕ್ಕಿನ ಕೈಯಲ್ಲಿ ಬ್ರೇಕಿನ ಬಗ್ಗೆ ಅರ್ಧ ಪುಟ ಬರೆಸಿ, ಚಿತ್ರಗಳ ಸಮೇತ. ತಾಲ್ಲೂಕಿನ ಐಟಿಐಗಳಲ್ಲಿ ಒಂದು ಶನಿವಾರ ಹಳೆ ಕಾರಿನವರನ್ನು ಕರೆದು ಚಕ್ರ ಬಿಚ್ಚಿ ತೋರಿಸಿದರೆ ನಾನು ನಮ್ಮ ಊರಿನಿಂದ ಹತ್ತು ಜನರನ್ನು ಕರೆತರುತ್ತೇನೆ.

ಬಿಚ್ಚಿದ ಎರಡು ಪ್ಯಾಡುಗಳ ಫೋಟೊ ಈ ಪತ್ರದ ಜೊತೆ ಇಟ್ಟಿದ್ದೇನೆ. ಎಡಗಡೆ ಇರುವುದು ಹೊರಗಿನದು, ಬಲಗಡೆಯದು ಒಳಗಿನದು. ಪಕ್ಕದಲ್ಲಿ ಮಗಳ ಸ್ಕೇಲ್ ಇದೆ, ಅಳತೆ ಓದಬಹುದು. ಪತ್ರಕ್ಕೆ ಜಾಗ ಸಾಲದಿದ್ದರೆ ಫೋಟೊ ಒಂದನ್ನಾದರೂ ಹಾಕಿ.

ಇಂತಿ ನಿಮ್ಮ ಓದುಗ,
ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು